ಮಡಚುವ ಸೈಕಲ್: ಏರಿಗೆ ಗೇರ್, ಮೆಟ್ಟಿಲಿಗೆ ತೂಕ

ಮಡಚುವ ಸೈಕಲ್ ಓಡಿಸುವವರಿಗೆ ಎರಡು ತಕರಾರು ಇದ್ದೇ ಇರುತ್ತವೆ. ಏರು ಬಂದರೆ ಕಾಲು ಸೋಲುತ್ತದೆ, ಮೆಟ್ಟಿಲು ಬಂದರೆ ಕೈ ಸೋಲುತ್ತದೆ. ಎರಡಕ್ಕೂ ಒಂದೇ ಮದ್ದು ಅಂದುಕೊಂಡು ಜನ ಹಗುರ ಬಿಡಿಭಾಗ ಹುಡುಕಲು ಶುರು ಮಾಡುತ್ತಾರೆ. ಹಗುರ ಸೀಟ್‌ಪೋಸ್ಟ್, ಟೈಟಾನಿಯಂ ಬೋಲ್ಟ್, ಕಾರ್ಬನ್ ಹ್ಯಾಂಡಲ್ ಅಂತ ಪಟ್ಟಿ ಬೆಳೆಯುತ್ತಾ ಹೋಗುತ್ತದೆ. ದುಡ್ಡು ಖರ್ಚಾಗುತ್ತದೆ, ಏರು ಮಾತ್ರ ಅಷ್ಟೇ ಕಷ್ಟವಾಗಿ ಉಳಿಯುತ್ತದೆ.

ಯಾಕೆ ಅಂತ ಲೆಕ್ಕ ಹಾಕಿ ನೋಡೋಣ. ನಿಮ್ಮ ತೂಕ 75 ಕಿಲೋ, ಸೈಕಲ್ 12 ಕಿಲೋ ಅಂದುಕೊಳ್ಳಿ. ಒಟ್ಟು 87. ಸೈಕಲ್‌ನಿಂದ ಪೂರ್ತಿ ಒಂದು ಕಿಲೋ ಇಳಿಸಿದರೂ ಏರಿನಲ್ಲಿ ಉಳಿತಾಯವಾಗುವ ಶ್ರಮ ಶೇ. 1ಕ್ಕಿಂತ ಚೂರು ಜಾಸ್ತಿ, ಅಷ್ಟೇ. ಹತ್ತು ನಿಮಿಷದ ಏರಿನಲ್ಲಿ ಆರೇಳು ಸೆಕೆಂಡ್. ಅದೇ ಮುಂದಿನ ಚೈನ್‌ರಿಂಗನ್ನು (ಪೆಡಲ್ ಜೊತೆ ತಿರುಗುವ ಹಲ್ಲಿನ ಚಕ್ರ) 52 ಹಲ್ಲಿನಿಂದ 46ಕ್ಕೆ ಇಳಿಸಿ, ಹಿಂದಿನ ದೊಡ್ಡ ಸ್ಪ್ರಾಕೆಟನ್ನು (ಹಿಂದಿನ ಚಕ್ರದಲ್ಲಿರುವ ಹಲ್ಲಿನ ಚಕ್ರ) 28ರಿಂದ 32ಕ್ಕೆ ಏರಿಸಿದರೆ, ಅದೇ ಏರಿಗೆ ಪೆಡಲ್ ಮೇಲೆ ಹಾಕಬೇಕಾದ ಒತ್ತು ಶೇ. 23ರಷ್ಟು ಕಡಿಮೆಯಾಗುತ್ತದೆ. ಇಷ್ಟನ್ನು ತೂಕದಿಂದಲೇ ಗಳಿಸಬೇಕಾದರೆ ಸುಮಾರು 20 ಕಿಲೋ ಇಳಿಸಬೇಕು. ಇಡೀ ಸೈಕಲ್ ಇರುವುದೇ 12 ಕಿಲೋ.

ಗೇರ್ ನಿಮ್ಮ ಕೆಲಸವನ್ನು ಕಡಿಮೆ ಮಾಡುವುದಿಲ್ಲ, ನಿಜ. ಅದೇ ಕೆಲಸವನ್ನು ನಿಧಾನವಾಗಿ, ಮೊಣಕಾಲಿಗೆ ನೋವಾಗದ ಹಾಗೆ ಮಾಡಲು ಬಿಡುತ್ತದೆ. ಏರಿನಲ್ಲಿ ಬೇಕಾಗಿರುವುದು ಅದೇ.

ಇನ್ನು ಮೆಟ್ಟಿಲು. ಅಲ್ಲಿ ನೀವು ಎತ್ತುವುದು ಕೈಯಲ್ಲಿರುವ 12 ಕಿಲೋವನ್ನು. ಅದು 11 ಆದರೆ ಶೇ. 8ರಷ್ಟು ಕಡಿಮೆ, 10 ಆದರೆ ತೋಳಿಗೆ ತಕ್ಷಣ ಗೊತ್ತಾಗುತ್ತದೆ. ಹಾಗಾಗಿ ಮೊದಲು ನಿಮ್ಮ ತೊಂದರೆ ಯಾವುದು ಅಂತ ತೀರ್ಮಾನ ಮಾಡಿಕೊಳ್ಳಿ. ಎರಡೂ ಇದ್ದರೆ ಗೇರ್ ಮೊದಲು, ತೂಕ ಆಮೇಲೆ. ಈ ಲೇಖನವೂ ಅದೇ ಕ್ರಮದಲ್ಲಿ ಹೋಗುತ್ತದೆ.

ಹಂತ 1: ಈಗ ಏನಿದೆ ಅಂತ ಎಣಿಸಿ

ಸೈಕಲನ್ನು ತಲೆಕೆಳಗಾಗಿ ನಿಲ್ಲಿಸಿ, ಅಥವಾ ಗೋಡೆಗೆ ಒರಗಿಸಿ. ಚೈನ್‌ರಿಂಗ್‌ನ ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ ಅಲ್ಲಿಂದ ಎಣಿಸಿ. ಎಷ್ಟೋ ಸಲ ಹಲ್ಲಿನ ಸಂಖ್ಯೆಯನ್ನು ಲೋಹದ ಮೇಲೇ ಕೊರೆದಿರುತ್ತಾರೆ, ಎಣ್ಣೆ ಮಣ್ಣು ಒರೆಸಿದರೆ 52ಟಿ ಅನ್ನುವ ರೀತಿಯ ಅಕ್ಷರ ಕಾಣುತ್ತದೆ. ಹಿಂದಿನ ಅತಿ ಚಿಕ್ಕ ಮತ್ತು ಅತಿ ದೊಡ್ಡ ಸ್ಪ್ರಾಕೆಟ್‌ನ ಹಲ್ಲುಗಳನ್ನೂ ಹೀಗೇ ಎಣಿಸಿಕೊಳ್ಳಿ.

ಆಮೇಲೆ ಟೈರ್‌ನ ಪಕ್ಕದಲ್ಲಿ ಬರೆದಿರುವ ಅಳತೆ ಓದಿ. 40-406 ಅಂತ ಇದ್ದರೆ ಟೈರ್ ಅಗಲ 40 ಮಿ.ಮೀ., ರಿಮ್ ಮೇಲೆ ಟೈರ್ ಕೂರುವ ಜಾಗದ ವ್ಯಾಸ 406 ಮಿ.ಮೀ. ಎಂದರ್ಥ. ಇದನ್ನು ಬರೆದಿಟ್ಟುಕೊಳ್ಳುವುದು ಬಹಳ ಮುಖ್ಯ. ‘20 ಇಂಚು’ ಅಂತ ಹೇಳುವ ಚಕ್ರದಲ್ಲಿ 406 ಮತ್ತು 451 ಅಂತ ಎರಡು ಬಗೆ ಇವೆ. ‘16 ಇಂಚು’ ಅನ್ನುವುದರಲ್ಲಿ 305 ಮತ್ತು 349 ಇವೆ. ಒಂದರ ಟೈರ್ ಇನ್ನೊಂದಕ್ಕೆ ಕೂರುವುದಿಲ್ಲ. ಡಾಹೊನ್, ಟರ್ನ್ ಕಂಪನಿಗಳ 20 ಇಂಚಿನ ಸೈಕಲ್‌ಗಳಲ್ಲಿ ಹೆಚ್ಚಿನವು 406, ಬ್ರಾಂಪ್ಟನ್‌ನ 16 ಇಂಚು 349. ಬರ್ಡಿಯ 18 ಇಂಚು 355.

ಈಗ ಗೇರ್ ಲೆಕ್ಕ. ಟೈರ್ ಸೇರಿಸಿ ಚಕ್ರದ ಪೂರ್ತಿ ವ್ಯಾಸವನ್ನು ಇಂಚಿನಲ್ಲಿ ತೆಗೆದುಕೊಳ್ಳಿ. ಅದನ್ನು ಚೈನ್‌ರಿಂಗ್ ಹಲ್ಲಿನಿಂದ ಗುಣಿಸಿ, ಸ್ಪ್ರಾಕೆಟ್ ಹಲ್ಲಿನಿಂದ ಭಾಗಿಸಿ. ಬರುವ ಸಂಖ್ಯೆಗೆ ಗೇರ್ ಇಂಚು ಅನ್ನುತ್ತಾರೆ. 40-406 ಟೈರ್‌ಗೆ ವ್ಯಾಸ ಸುಮಾರು 19 ಇಂಚು, 35-349ಕ್ಕೆ ಸುಮಾರು 16.5. ಗೇರ್ ಇಂಚನ್ನು 0.08ರಿಂದ ಗುಣಿಸಿದರೆ ಪೆಡಲ್ ಒಂದು ಸುತ್ತು ಬಂದಾಗ ಸೈಕಲ್ ಎಷ್ಟು ಮೀಟರ್ ಮುಂದೆ ಹೋಗುತ್ತದೆ ಅನ್ನುವುದೂ ಸಿಗುತ್ತದೆ.

ಲೆಕ್ಕ ನಂಬಲು ಮನಸ್ಸಿಲ್ಲದಿದ್ದರೆ ನೆಲದ ಮೇಲೇ ಅಳೆಯಬಹುದು. ಟೈರ್‌ನ ವಾಲ್ವ್ ಸರಿಯಾಗಿ ಕೆಳಗೆ ಬರುವ ಹಾಗೆ ನಿಲ್ಲಿಸಿ ನೆಲಕ್ಕೆ ಗೆರೆ ಎಳೆಯಿರಿ. ಸೈಕಲ್ ಮೇಲೆ ಕೂತು, ಚಕ್ರ ಒಂದು ಸುತ್ತು ಬಂದು ವಾಲ್ವ್ ಮತ್ತೆ ಕೆಳಗೆ ಬರುವವರೆಗೆ ನೇರ ಹೋಗಿ, ಇನ್ನೊಂದು ಗೆರೆ ಎಳೆಯಿರಿ. ಎರಡು ಗೆರೆಗಳ ನಡುವಿನ ದೂರವೇ ಚಕ್ರದ ನಿಜವಾದ ಸುತ್ತಳತೆ. ನೀವು ಮೇಲೆ ಕೂತಾಗ ಟೈರ್ ಚೂರು ಕುಗ್ಗುವುದರಿಂದ ಇದು ಕಾಗದದ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ ಬರುತ್ತದೆ.

ಹಿಂದಿನ ಸ್ಪ್ರಾಕೆಟ್‌ಗಳ ಗೊಂಚಲು ಕ್ಯಾಸೆಟ್ಟೋ ಫ್ರೀವೀಲೋ ಅನ್ನುವುದನ್ನೂ ಈಗಲೇ ನೋಡಿಕೊಳ್ಳಿ. ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆಯೇ ಇದು. ಸ್ಪ್ರಾಕೆಟ್‌ಗಳನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ, ನಡುವಿನಲ್ಲಿ ಬಿಚ್ಚುವ ಟೂಲ್ ಕೂರುವ ತೋಡುಗಳಿರುವ ಭಾಗವನ್ನು ಗಮನಿಸಿ. ಆ ಭಾಗವೂ ಸ್ಪ್ರಾಕೆಟ್ ಜೊತೆ ತಿರುಗಿದರೆ ಕ್ಯಾಸೆಟ್. ಅದು ಅಲ್ಲಾಡದೆ ಸ್ಪ್ರಾಕೆಟ್ ಮಾತ್ರ ತಿರುಗಿದರೆ ಹಬ್‌ಗೆ (ಚಕ್ರದ ನಡುವಿನ ಭಾಗ) ತಿರುಪಿನಿಂದ ಕೂರುವ ಫ್ರೀವೀಲ್.

ಹಂತ 2: ಎಷ್ಟು ಬೇಕು ಅಂತ ಕೆಳಗಿನಿಂದ ಶುರು ಮಾಡಿ

ಹೆಚ್ಚಿನವರು ಗೇರ್ ಆರಿಸುವಾಗ ಮೇಲಿನ ತುದಿಯನ್ನು ನೋಡುತ್ತಾರೆ. ಎಷ್ಟು ವೇಗ ಬರುತ್ತದೆ ಅನ್ನುವುದೇ ಅವರ ಚಿಂತೆ. ನಾನು ಹೇಳುವುದು ಉಲ್ಟಾ: ಕೆಳಗಿನ ತುದಿಯನ್ನು ಮೊದಲು ನಿಗದಿ ಮಾಡಿ. ನೀವು ದಿನವೂ ಹತ್ತುವ ಅತಿ ಕಡಿದಾದ ಏರು ಯಾವುದೋ ಅದರಲ್ಲಿ, ಬ್ಯಾಗ್ ಸಮೇತ, ಸೀಟಿನಲ್ಲಿ ಕೂತೇ ನಿಮಿಷಕ್ಕೆ 60 ಸುತ್ತು ತುಳಿಯಲು ಆಗಬೇಕು.

ಸಾಮಾನ್ಯವಾಗಿ ಸಿಗುವ 20 ಇಂಚಿನ ಸೈಕಲ್ ತೆಗೆದುಕೊಳ್ಳಿ. ಮುಂದೆ 52, ಹಿಂದೆ 11ರಿಂದ 28. ಅತಿ ಮೆತ್ತನೆಯ ಗೇರ್ 35 ಇಂಚು. 60 ಸುತ್ತಿಗೆ ಗಂಟೆಗೆ 10 ಕಿ.ಮೀ. ವೇಗ. ಏರು ಕಡಿದಾಗಿದ್ದರೆ ಆ 10 ಕಿ.ಮೀ. ಕಾಯ್ದುಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಆಗ ಸುತ್ತು 50, 40ಕ್ಕೆ ಇಳಿಯುತ್ತದೆ, ಮೊಣಕಾಲು ಹಿಡಿದುಕೊಳ್ಳುತ್ತದೆ, ಕೊನೆಗೆ ಇಳಿದು ತಳ್ಳಬೇಕಾಗುತ್ತದೆ. ಅದೇ ಸೈಕಲ್‌ಗೆ ಮುಂದೆ 46, ಹಿಂದೆ 11ರಿಂದ 32 ಹಾಕಿದರೆ ಕೆಳಗಿನ ಗೇರ್ 27 ಇಂಚು. 60 ಸುತ್ತಿಗೆ ಗಂಟೆಗೆ 8 ಕಿ.ಮೀ.ಗಿಂತ ಸ್ವಲ್ಪ ಕಡಿಮೆ. ಆ ವೇಗದಲ್ಲಿ ಮಾತಾಡಿಕೊಂಡು ಹತ್ತಬಹುದು.

ಮೇಲಿನ ತುದಿಯಲ್ಲಿ ಕಳೆದುಕೊಂಡಿದ್ದೇನು? 52/11 ಇದ್ದಾಗ 90 ಇಂಚು, 46/11 ಆದಾಗ 79. ಈ 79 ಇಂಚಿನಲ್ಲಿ ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 34 ಕಿ.ಮೀ. ಚಿಕ್ಕ ಚಕ್ರ, ನೆಟ್ಟಗೆ ಕೂರುವ ಭಂಗಿ, ಉದ್ದ ಹ್ಯಾಂಡಲ್ ಕಂಬ ಇರುವ ಸೈಕಲ್‌ನಲ್ಲಿ ಸಮತಟ್ಟು ರಸ್ತೆಯಲ್ಲಿ ಇದಕ್ಕಿಂತ ಜಾಸ್ತಿ ವೇಗ ಯಾರಿಗೆ ಬೇಕು? ಇಳಿಜಾರಿನಲ್ಲಿ ತುಳಿಯುವ ಅಗತ್ಯವೇ ಇಲ್ಲ. ಹಾಗಾಗಿ ಮೇಲಿನ ತುದಿ 75ರಿಂದ 85 ಇಂಚಿನ ನಡುವೆ ಇದ್ದರೆ ಸಾಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಕೆಳಗಿನ ತುದಿಗೆ ಸ್ಥೂಲವಾಗಿ ಹೀಗೆ ಇಟ್ಟುಕೊಳ್ಳಿ: ಸಮತಟ್ಟು ಊರಾದರೆ 38–40, ಸೇತುವೆ, ಚಿಕ್ಕ ಏರುಗಳಿದ್ದರೆ 32ರ ಆಸುಪಾಸು, ಗುಡ್ಡದ ಊರು ಅಥವಾ ಸಾಮಾನು ಹೇರಿಕೊಂಡು ದೂರ ಹೋಗುವವರಾದರೆ 27ಕ್ಕೂ ಕೆಳಗೆ.

ಮೇಲಿನ ತುದಿ ಭಾಗಿಸು ಕೆಳಗಿನ ತುದಿ, ಇದು ಗೇರ್‌ನ ಹರವು. 11–28 ಕ್ಯಾಸೆಟ್‌ನ ಹರವು ಶೇ. 255. 11–32ರದ್ದು ಶೇ. 291, 11–34ರದ್ದು ಶೇ. 309. ಗೇರ್ ಎಷ್ಟಿದೆ ಅನ್ನುವ ಸಂಖ್ಯೆಗಿಂತ ಈ ಹರವು ಮುಖ್ಯ. 14–28ರ 7 ಗೇರ್ ಇದ್ದರೂ ಹರವು ಬರೀ ಶೇ. 200.

ಹಂತ 3: ಚೈನ್‌ರಿಂಗ್‌ನಿಂದ ಶುರು ಮಾಡಿ

ಕಡಿಮೆ ಖರ್ಚಿನಲ್ಲಿ ಜಾಸ್ತಿ ಬದಲಾವಣೆ ತರುವ ಭಾಗ ಚೈನ್‌ರಿಂಗ್. ಅದನ್ನು ಬದಲಿಸಿದರೆ ಎಲ್ಲ ಗೇರ್‌ಗಳೂ ಒಂದೇ ಪ್ರಮಾಣದಲ್ಲಿ ಕೆಳಗೆ ಇಳಿಯುತ್ತವೆ. ಬ್ರಾಂಪ್ಟನ್‌ನ 6 ಗೇರ್ ಮಾದರಿ 50 ಹಲ್ಲಿನ ಚೈನ್‌ರಿಂಗ್‌ನಲ್ಲಿ ಸುಮಾರು 33ರಿಂದ 100 ಇಂಚು ಕೊಡುತ್ತದೆ. 44 ಹಲ್ಲಿನದು ಹಾಕಿದರೆ 29ರಿಂದ 88. ಆ 100 ಇಂಚನ್ನು ಬಳಸುವವರು ಬಹಳ ಕಡಿಮೆ, 29 ಇಂಚು ಮಾತ್ರ ಪ್ರತಿ ಏರಿನಲ್ಲೂ ಕೆಲಸಕ್ಕೆ ಬರುತ್ತದೆ. ಚಿಕ್ಕ ಚೈನ್‌ರಿಂಗ್ ಹಗುರ ಕೂಡ, ಚೈನ್ ಕೂಡ ಒಂದೆರಡು ಕೊಂಡಿ ಕಡಿಮೆ.

ಕೊಳ್ಳುವ ಮುಂಚೆ ಕ್ರ್ಯಾಂಕ್, ಅಂದರೆ ಪೆಡಲ್ ಹಿಡಿದಿರುವ ತೋಳನ್ನು ನೋಡಿ. ಚೈನ್‌ರಿಂಗ್ ಬೋಲ್ಟ್‌ನಿಂದ ಕೂತಿದೆಯೋ, ಇಲ್ಲ ಕ್ರ್ಯಾಂಕ್‌ಗೆ ರಿವೆಟ್ ಹೊಡೆದು ಸೇರಿಸಿದ್ದಾರೋ? ರಿವೆಟ್ ಆದರೆ ಕ್ರ್ಯಾಂಕ್ ಸಮೇತ ಬದಲಿಸಬೇಕು. ಬೋಲ್ಟ್ ಆದರೆ ಬೋಲ್ಟ್‌ಗಳು ಕೂತಿರುವ ವೃತ್ತದ ವ್ಯಾಸ ಬೇಕು. ಐದು ಬೋಲ್ಟ್‌ನ 130 ಮಿ.ಮೀ. ವೃತ್ತ ಮಡಚುವ ಸೈಕಲ್‌ಗಳಲ್ಲಿ ಬಹಳ ಸಾಮಾನ್ಯ. ಅದರಲ್ಲಿ 38 ಹಲ್ಲಿಗಿಂತ ಚಿಕ್ಕದು ಕೂರುವುದಿಲ್ಲ. 110 ಮಿ.ಮೀ. ಆದರೆ 34ರವರೆಗೂ ಇಳಿಯಬಹುದು.

ಚೈನ್ ಉದ್ದದ ಅಂದಾಜು ಹೀಗೆ: ಚೈನ್‌ರಿಂಗ್‌ನಲ್ಲಿ 4 ಹಲ್ಲು ಕಡಿಮೆಯಾದರೆ ಚೈನ್‌ನಲ್ಲಿ 2 ಕೊಂಡಿ ಕಡಿಮೆ ಸಾಕು. ಡಿರೇಲರ್ (ಚೈನನ್ನು ಒಂದು ಸ್ಪ್ರಾಕೆಟ್‌ನಿಂದ ಇನ್ನೊಂದಕ್ಕೆ ಸರಿಸುವ ಸಾಧನ) ಇರುವ ಸೈಕಲ್‌ಗೆ ಖಚಿತವಾದ ವಿಧಾನ ಬೇಕಾದರೆ, ಚೈನನ್ನು ಡಿರೇಲರ್ ಒಳಗೆ ಹಾಯಿಸದೆ, ಮುಂದಿನ ಚೈನ್‌ರಿಂಗ್ ಮತ್ತು ಹಿಂದಿನ ಅತಿ ದೊಡ್ಡ ಸ್ಪ್ರಾಕೆಟ್ ಮೇಲೆ ಬಿಗಿಯಾಗಿ ಸುತ್ತಿ. ತುದಿಗಳು ಸೇರುವ ಜಾಗಕ್ಕೆ 2 ಕೊಂಡಿ ಸೇರಿಸಿ ಕತ್ತರಿಸಿ. ಸಿಂಗಲ್ ಸ್ಪೀಡ್ ಅಥವಾ ಹಬ್ ಗೇರ್ ಇದ್ದು ಚೈನ್ ಬಿಗಿಮಾಡುವ ಸಾಧನ ಇಲ್ಲದಿದ್ದರೆ ಚಕ್ರವನ್ನೇ ಹಿಂದೆ ಮುಂದೆ ಸರಿಸಿ ಸರಿ ಮಾಡಬೇಕು.

ದೊಡ್ಡ ಚೈನ್‌ರಿಂಗ್ ಹಾಕುವ ಯೋಚನೆ ಇರುವವರಿಗೆ ಒಂದು ಎಚ್ಚರಿಕೆ. ಮಡಚಿದಾಗ ಸೈಕಲ್ ಯಾವುದರ ಮೇಲೆ ನಿಲ್ಲುತ್ತದೆ ನೋಡಿ. ಕೆಲವು ಸೈಕಲ್‌ಗಳು ಪೆಡಲ್ ಕೆಳಗಿನ ಸಣ್ಣ ಊರುಗೋಲಿನ ಮೇಲೆ ನಿಲ್ಲುತ್ತವೆ. ಚೈನ್‌ರಿಂಗ್ ಅದಕ್ಕಿಂತ ಕೆಳಗೆ ಬಂದರೆ ಇಡೀ ಭಾರ ಹಲ್ಲುಗಳ ಮೇಲೆ ಬೀಳುತ್ತದೆ, ಹಲ್ಲು ಬಾಗುತ್ತದೆ. ಫ್ರೇಮ್‌ಗೆ ತಾಗುತ್ತದೆಯೇ ಅನ್ನುವುದನ್ನೂ ನೋಡಬೇಕು.

ಹಂತ 4: ಹಿಂದಿನ ಸ್ಪ್ರಾಕೆಟ್‌ಗಳು

ಇಲ್ಲಿ ಮಡಚುವ ಸೈಕಲ್‌ಗೆ ಅಂತಲೇ ಇರುವ ತೊಡಕು ಡಿರೇಲರ್‌ನ ಎತ್ತರ. ದೊಡ್ಡ ಸ್ಪ್ರಾಕೆಟ್ ಹಾಕಿದರೆ ಅದಕ್ಕೆ ಉದ್ದ ಪಂಜರದ (ಚೈನ್ ಹಾಯುವ ಕೆಳಗಿನ ತೋಳು) ಡಿರೇಲರ್ ಬೇಕಾಗುತ್ತದೆ. ಚಿಕ್ಕ ಚಕ್ರದಲ್ಲಿ ಆ ಪಂಜರ ನೆಲಕ್ಕೆ ಬಹಳ ಹತ್ತಿರ ನೇತಾಡುತ್ತದೆ. ಫುಟ್‌ಪಾತ್ ಅಂಚು, ಕಲ್ಲು, ಒದ್ದೆ ಎಲೆ, ಎಲ್ಲವೂ ಅದಕ್ಕೆ ಸಿಕ್ಕುತ್ತವೆ. ಆದ್ದರಿಂದ ಮುಂದೆ ಒಂದೇ ಚೈನ್‌ರಿಂಗ್ ಇಟ್ಟುಕೊಂಡು, ಡಿರೇಲರ್ ಗಿಡ್ಡ ಅಥವಾ ಮಧ್ಯಮ ಪಂಜರದ್ದೇ ಇರಲಿ. ಮುಂದೆ ಒಂದೇ ಇದ್ದಾಗ ಡಿರೇಲರ್ ಸುತ್ತಿಕೊಳ್ಳಬೇಕಾದ ಚೈನ್ ಕಡಿಮೆ. 11–32ಕ್ಕೆ ಬರೀ 21 ಹಲ್ಲಿನ ವ್ಯತ್ಯಾಸ. ನಿಮ್ಮ ಡಿರೇಲರ್ ಗರಿಷ್ಠ ಎಷ್ಟು ಹಲ್ಲಿನ ಸ್ಪ್ರಾಕೆಟ್ ಹತ್ತಬಲ್ಲದು ಅಂತ ತಯಾರಕರ ವಿವರಪಟ್ಟಿಯಲ್ಲಿ ನೋಡಿಕೊಳ್ಳಿ.

ಫ್ರೀವೀಲ್ ಇರುವ ಸೈಕಲ್‌ನಲ್ಲಿ ಸಾಮಾನ್ಯವಾಗಿ 14–28 ಇರುತ್ತದೆ. 52 ಚೈನ್‌ರಿಂಗ್ ಜೊತೆ ಅದು 35ರಿಂದ 71 ಇಂಚು. ಏರು ಮಾತ್ರ ತೊಂದರೆಯಾದರೆ ಶಿಮಾನೊದ 14–34 ಫ್ರೀವೀಲ್ ಹಾಕಿ, ಕೆಳಗಿನ ಗೇರ್ 29ಕ್ಕೆ ಇಳಿಯುತ್ತದೆ. ಆ 34 ಹಲ್ಲಿನ ಸ್ಪ್ರಾಕೆಟ್ ಪಕ್ಕದ್ದಕ್ಕಿಂತ ತುಂಬ ದೊಡ್ಡದು, ಗೇರ್ ಬಿದ್ದಾಗ ಕಾಲು ಒಮ್ಮೆಲೇ ಸಡಿಲಾಗುತ್ತದೆ. ಅಭ್ಯಾಸವಾದರೆ ಸರಿ. ಮೇಲಿನ ವೇಗವೂ ಬೇಕು ಅನ್ನುವವರಿಗೆ ಡಿಎನ್‌ಪಿ ಕಂಪನಿ 11 ಹಲ್ಲಿನಿಂದ ಶುರುವಾಗುವ ಫ್ರೀವೀಲ್ ತಯಾರಿಸುತ್ತದೆ.

ಕ್ಯಾಸೆಟ್ ಆದರೆ ದಾರಿ ಇನ್ನೂ ಸುಲಭ. ಶಿಮಾನೊದ 8, 9, 10 ಗೇರ್ ಕ್ಯಾಸೆಟ್‌ಗಳು ಒಂದೇ ಉದ್ದದ ಫ್ರೀಹಬ್ (ಹಬ್‌ನಲ್ಲಿ ಕ್ಯಾಸೆಟ್ ಕೂರುವ ಭಾಗ) ಮೇಲೆ ಕೂರುತ್ತವೆ. 7ರದ್ದನ್ನು ಅದೇ ಹಬ್‌ಗೆ 4.5 ಮಿ.ಮೀ. ಸ್ಪೇಸರ್ ಇಟ್ಟು ಕೂರಿಸಬಹುದು. ಆದರೆ 7ಕ್ಕೆ ಅಂತಲೇ ಮಾಡಿದ ಗಿಡ್ಡ ಫ್ರೀಹಬ್ ಮೇಲೆ 8 ಕೂರುವುದಿಲ್ಲ, ಅಳೆದು ನೋಡಿ. 8ರಿಂದ 9ಕ್ಕೆ ಹೋಗುವುದಾದರೆ ಶಿಫ್ಟರ್ (ಹ್ಯಾಂಡಲ್ ಮೇಲಿನ ಗೇರ್ ಬದಲಿಸುವ ಸಾಧನ), ಚೈನ್, ಕ್ಯಾಸೆಟ್ ಮೂರೂ ಹೊಸದು ಬೇಕು, ಶಿಮಾನೊ ಡಿರೇಲರ್ ಮಾತ್ರ ಹಳೆಯದೇ ನಡೆಯುತ್ತದೆ. ಹರವು ಅಷ್ಟೇ ಇದ್ದು ಗೇರ್ ಸಂಖ್ಯೆ ಮಾತ್ರ ಜಾಸ್ತಿಯಾಗುವುದಾದರೆ ಸುಮ್ನೆ ಖರ್ಚು ಮಾಡಬೇಡಿ.

ಹಳೆಯ ಚೈನ್ ಮೇಲೆ ಹೊಸ ಕ್ಯಾಸೆಟ್ ಹಾಕಬೇಡಿ. ಸವೆದು ಉದ್ದವಾದ ಚೈನ್ ಹೊಸ ಹಲ್ಲುಗಳನ್ನು ಬೇಗ ತಿನ್ನುತ್ತದೆ.

11ಕ್ಕಿಂತ ಚಿಕ್ಕ ಸ್ಪ್ರಾಕೆಟ್‌ಗಳೂ ಇವೆ. ಶಿಮಾನೊ ಚಿಕ್ಕ ಚಕ್ರಗಳಿಗೆಂದೇ ಕ್ಯಾಪ್ರಿಯೊ ಅನ್ನುವ 9–26 ಕ್ಯಾಸೆಟ್ ಮಾಡಿತ್ತು, ಅದಕ್ಕೆ ಬೇರೆಯದೇ ಫ್ರೀಹಬ್ ಬೇಕಿತ್ತು. ಈಗ ಅದರ ತಯಾರಿಕೆ ನಿಂತಿದೆ. 9 ಹಲ್ಲಿನ ಮೇಲೆ ಚೈನ್ ಬಹಳ ಚೂಪಾಗಿ ಬಾಗುತ್ತದೆ, ಸವೆತ ಜಾಸ್ತಿ, ತಿಕ್ಕಾಟವೂ ಜಾಸ್ತಿ. ದಿನಾ ಬಳಸುವ ಗೇರ್ 9 ಅಥವಾ 10 ಹಲ್ಲಿನ ಮೇಲೆ ಬರುವ ಹಾಗಿದ್ದರೆ ಬೇಡ ಅನ್ನುತ್ತೇನೆ.

ಹಂತ 5: ಹಬ್ ಗೇರ್ ಬೇಕಾ?

ಗೇರ್ ಪೂರ್ತಿ ಹಬ್ ಒಳಗೇ ಇರುವ ವ್ಯವಸ್ಥೆ ಮಡಚುವ ಸೈಕಲ್‌ಗೆ ಚೆನ್ನಾಗಿ ಒಗ್ಗುತ್ತದೆ. ಹೊರಗೆ ನೇತಾಡುವುದು ಏನೂ ಇಲ್ಲ, ಮಡಚಿ ರೈಲಿನ ಸೀಟಿನ ಕೆಳಗೆ ತಳ್ಳಿದರೆ ಬಾಗುವಂಥದ್ದೂ ಇಲ್ಲ. ಸಿಗ್ನಲ್‌ನಲ್ಲಿ ನಿಂತಲ್ಲೇ ಗೇರ್ ಬದಲಿಸಬಹುದು.

ಹರವು ನೋಡಿ. ಸ್ಟರ್ಮಿ ಆರ್ಚರ್‌ನ ಹಳೆಯ ಮಾದರಿ 3 ಗೇರ್ ಹಬ್‌ನದು ಶೇ. 177. ಶಿಮಾನೊ ನೆಕ್ಸಸ್ 3ರದ್ದು ಶೇ. 186, ನೆಕ್ಸಸ್ 7ರದ್ದು ಶೇ. 244, ನೆಕ್ಸಸ್ 8 ಮತ್ತು ಆಲ್ಫಿನ್ 8ರದ್ದು ಶೇ. 307, ಆಲ್ಫಿನ್ 11ರದ್ದು ಶೇ. 409. ಅಂದರೆ 8 ಗೇರ್ ಹಬ್ ಕೊಡುವುದು ಹೆಚ್ಚುಕಡಿಮೆ 11–34 ಕ್ಯಾಸೆಟ್‌ನಷ್ಟೇ, ಆದರೆ ಹಬ್ ಒಂದೇ ಒಂದೂವರೆ ಕಿಲೋಗೂ ಮೇಲೆ ತೂಗುತ್ತದೆ. ಆ ಭಾರ ಪೂರ್ತಿ ಹಿಂದಿನ ಚಕ್ರದಲ್ಲೇ ಕೂರುವುದರಿಂದ ಎತ್ತುವಾಗ ಸೈಕಲ್ ಒಂದು ಕಡೆ ಜಗ್ಗುತ್ತದೆ. ಮೆಟ್ಟಿಲು ಜಾಸ್ತಿ ಇರುವವರಿಗೆ ಇದು ಸರಿಬಾರದು.

3 ಗೇರ್ ಹಬ್ ಇರುವವರು ಒಂದು ಕೆಲಸ ಮಾಡಬಹುದು. ಹಬ್ ಮೇಲಿನ ಸ್ಪ್ರಾಕೆಟನ್ನು ಒಂದೆರಡು ಹಲ್ಲು ದೊಡ್ಡದಕ್ಕೆ ಬದಲಿಸಿ. ಸಾಮಾನ್ಯವಾಗಿ ಅದನ್ನು ಒಂದು ಸ್ಪ್ರಿಂಗ್ ಉಂಗುರ ಹಿಡಿದಿರುತ್ತದೆ, ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿದರೆ ಬಿಚ್ಚಿಕೊಳ್ಳುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಆ ಉಂಗುರ ಚಿಮ್ಮುತ್ತದೆ. ಮಧ್ಯದ ಗೇರ್ 55–58 ಇಂಚಿಗೆ ಬರುವ ಹಾಗೆ ಇಟ್ಟರೆ ಸಮತಟ್ಟು ರಸ್ತೆಗೆ ಅದೇ ಸಾಕಾಗುತ್ತದೆ, ಕೆಳಗಿನದು ಏರಿಗೆ ಉಳಿಯುತ್ತದೆ.

ಹೊಸ ಹಬ್ ಹಾಕಿಸುವ ಮುಂಚೆ ಹಿಂದಿನ ಫೋರ್ಕ್‌ನ ಒಳ ಅಗಲ ಅಳೆಯಿರಿ. 20 ಇಂಚಿನವುಗಳಲ್ಲಿ 130 ಅಥವಾ 135 ಮಿ.ಮೀ. ಸಾಮಾನ್ಯ. ಬ್ರಾಂಪ್ಟನ್ ಹಿಂದೆ 112 ಮಿ.ಮೀ. ಇಟ್ಟಿದ್ದರಿಂದ ಮಾಮೂಲಿ ಹಬ್‌ಗಳು ಅಲ್ಲಿ ಕೂರುವುದಿಲ್ಲ. ಡಾಹೊನ್, ಟರ್ನ್, ಬ್ರಾಂಪ್ಟನ್‌ಗಳ ಮುಂದಿನ ಹಬ್ ಸಾಮಾನ್ಯವಾಗಿ 74 ಮಿ.ಮೀ., ದೊಡ್ಡ ಸೈಕಲ್‌ಗಳ 100 ಮಿ.ಮೀ. ಹಬ್ ಅದರಲ್ಲಿ ಹಿಡಿಯುವುದಿಲ್ಲ.

ಹಂತ 6: ಈಗ ತೂಕ. ಮೊದಲು ತೆಗೆಯಿರಿ, ಆಮೇಲೆ ಕೊಳ್ಳಿ

ಲಗೇಜ್ ತೂಗುವ ಕೊಕ್ಕೆ ತಕ್ಕಡಿಗೆ ಸೈಕಲ್ ನೇತುಹಾಕಿ ತೂಕ ಬರೆದುಕೊಳ್ಳಿ. ಬಿಡಿಭಾಗಗಳಿಗೆ ಅಡುಗೆಮನೆಯ ತಕ್ಕಡಿ ಸಾಕು. ತೂಗದೆ ಕೊಂಡರೆ ಎಲ್ಲಿ ಉಳಿಯಿತು, ಎಲ್ಲಿ ಉಳಿಯಲಿಲ್ಲ ಅಂತ ಗೊತ್ತೇ ಆಗುವುದಿಲ್ಲ.

ಮೊದಲ ಕಿಲೋ ಬಿಟ್ಟಿಯಾಗಿ ಸಿಗುತ್ತದೆ. ಗಟ್ಟಿ ಬೀಗ ಒಂದೇ ಒಂದು ಕಿಲೋಗಿಂತ ಜಾಸ್ತಿ ತೂಗುತ್ತದೆ. ಸೈಕಲ್ ಮಡಚಿ ಒಳಗೇ ಇಟ್ಟುಕೊಳ್ಳುವವರಿಗೆ ದಿನವೂ ಅದನ್ನು ಹೊತ್ತು ತಿರುಗುವ ಅಗತ್ಯವಿದೆಯಾ? ಪಕ್ಕದ ಸ್ಟ್ಯಾಂಡ್ ತೆಗೆದರೆ ಇನ್ನೊಂದು 250–400 ಗ್ರಾಂ, ಮಡಚಿದ ಸೈಕಲ್ ತಾನಾಗಿಯೇ ನಿಲ್ಲುತ್ತದೆ ಅಲ್ವಾ. ಕ್ಯಾರಿಯರ್ ಬಳಸದಿದ್ದರೆ ಅದನ್ನೂ ಬಿಚ್ಚಿ. ಆದರೆ ಬ್ರಾಂಪ್ಟನ್‌ನಂಥ ಸೈಕಲ್‌ನಲ್ಲಿ ಕ್ಯಾರಿಯರ್‌ನ ಗಾಲಿಗಳ ಮೇಲೆ ಮಡಚಿದ ಸೈಕಲನ್ನು ಉರುಳಿಸಿಕೊಂಡು ಹೋಗಬಹುದು. ಉದ್ದ ಪ್ಲಾಟ್‌ಫಾರ್ಮ್ ದಾಟುವವರಿಗೆ ಎತ್ತುವುದಕ್ಕಿಂತ ಉರುಳಿಸುವುದೇ ಸುಲಭ, ಅಂಥವರು ಅದನ್ನು ಬಿಡಲಿ. ಮಡ್‌ಗಾರ್ಡ್ ತೆಗೆಯಬೇಡಿ. ಚಿಕ್ಕ ಚಕ್ರದ ಕೆಸರು ನೇರವಾಗಿ ಚೈನ್ ಮೇಲೂ ಬೆನ್ನ ಮೇಲೂ ಹಾರುತ್ತದೆ.

ಹಂತ 7: ಟೈರ್ ಮತ್ತು ಟ್ಯೂಬ್

ತೂಕ ಇಳಿಸಲು ಒಂದೇ ಒಂದು ಭಾಗ ಬದಲಿಸುವಷ್ಟು ದುಡ್ಡಿದೆ ಅಂದರೆ ಟೈರ್ ಬದಲಿಸಿ ಅಂತಲೇ ಹೇಳುತ್ತೇನೆ. ತೂಕಕ್ಕೂ ಓಟಕ್ಕೂ ಎರಡಕ್ಕೂ ಲಾಭ ಕೊಡುವ ಭಾಗ ಇದೊಂದೇ. ಚಕ್ರ ಚಿಕ್ಕದಾದಷ್ಟೂ ಟೈರ್ ನೆಲದ ಮೇಲೆ ಜಾಸ್ತಿ ಬಾಗುತ್ತದೆ, ಉರುಳುವ ಪ್ರತಿರೋಧ ಹೆಚ್ಚುತ್ತದೆ. ಹಾಗಾಗಿ ಒಳ್ಳೆಯ ಟೈರ್‌ಗೂ ಕೆಟ್ಟ ಟೈರ್‌ಗೂ ಇರುವ ವ್ಯತ್ಯಾಸ ದೊಡ್ಡ ಚಕ್ರಕ್ಕಿಂತ ಇಲ್ಲಿ ಎದ್ದು ಕಾಣುತ್ತದೆ.

ಅಂಚಿನಲ್ಲಿ ತಂತಿ ಇರುವ ಟೈರ್ ಬದಲು ಮಡಚಬಹುದಾದ ಅಂಚಿನ ಟೈರ್ ತೆಗೆದುಕೊಂಡರೆ ತೂಕ ಇಳಿಯುತ್ತದೆ, ಸಾಮಾನ್ಯವಾಗಿ ಅವುಗಳ ರಬ್ಬರೂ ಮೆತ್ತಗೆ, ಚುರುಕು. ಶ್ವಾಲ್ಬೆಯ ಕೊಜಾಕ್ ಬಹುತೇಕ ನುಣುಪು ಟೈರ್, ಚೆನ್ನಾಗಿ ಉರುಳುತ್ತದೆ. ಮ್ಯಾರಥಾನ್ ರೇಸರ್ ಸ್ವಲ್ಪ ಭಾರ, ಪಂಕ್ಚರ್ ತಡೆಯುವುದರಲ್ಲಿ ಮೇಲು. ಮ್ಯಾರಥಾನ್ ಪ್ಲಸ್ ಮುಳ್ಳಿಗೂ ಗಾಜಿಗೂ ಜಗ್ಗುವುದಿಲ್ಲ, ಆದರೆ ಭಾರ, ತುಳಿಯಲೂ ಗಟ್ಟಿ. ನಿಮ್ಮ ರಸ್ತೆಯಲ್ಲಿ ಪಂಕ್ಚರ್ ಎಷ್ಟು ಸಲ ಆಗುತ್ತದೆ ಅನ್ನುವುದರ ಮೇಲೆ ಆರಿಸಿ. ಹಬ್ ಗೇರ್ ಇರುವ ಹಿಂದಿನ ಚಕ್ರ ಬಿಚ್ಚುವುದು ತಾಪತ್ರಯ, ಅಲ್ಲಿಗೆ ಗಟ್ಟಿ ಟೈರ್ ಹಾಕಿ ಮುಂದಕ್ಕೆ ಹಗುರದ್ದು ಹಾಕುವುದು ಜಾಣತನ.

ಅಗಲವನ್ನು ತುಂಬ ಇಳಿಸಬೇಡಿ. ಚಿಕ್ಕ ಚಕ್ರ ಗುಂಡಿಯೊಳಗೆ ಆಳಕ್ಕೆ ಇಳಿಯುತ್ತದೆ. 35ರಿಂದ 40 ಮಿ.ಮೀ. ಟೈರ್‌ನಲ್ಲಿ ಗಾಳಿಯೇ ಸ್ಪ್ರಿಂಗ್ ಆಗಿ ಕೆಲಸ ಮಾಡುತ್ತದೆ. 28ಕ್ಕೆ ಇಳಿದರೆ ಕೆಲವು ಗ್ರಾಂ ಉಳಿಯುತ್ತದೆ, ಮಣಿಕಟ್ಟು ನೋಯುತ್ತದೆ.

ಟಿಪಿಯು ಅನ್ನುವ ಪ್ಲಾಸ್ಟಿಕ್‌ನ ಟ್ಯೂಬ್‌ಗಳು ತಲಾ 30–40 ಗ್ರಾಂ ಇರುತ್ತವೆ, ಮಾಮೂಲಿ ರಬ್ಬರ್ ಟ್ಯೂಬ್ ಸುಮಾರು 100. ಎರಡಕ್ಕೂ ಸೇರಿ ನೂರು ಗ್ರಾಂಗಿಂತ ಜಾಸ್ತಿ ಉಳಿತಾಯ, ಚೀಲದಲ್ಲಿಡುವ ಬದಲಿ ಟ್ಯೂಬ್ ಕೂಡ ಚಿಕ್ಕದಾಗುತ್ತದೆ. ರಿಮ್ ಬ್ರೇಕ್ ಇರುವವರು ಮಾತ್ರ ಹುಷಾರು. ಚಿಕ್ಕ ರಿಮ್ ಬೇಗ ಕಾಯುತ್ತದೆ. ಉದ್ದನೆಯ ಘಾಟಿ ಇಳಿಯುವಾಗ ಬ್ರೇಕ್ ಹಿಡಿದೇ ಇದ್ದರೆ ಆ ಶಾಖ ಟಿಪಿಯುಗೆ ಒಳ್ಳೆಯದಲ್ಲ. ಘಾಟಿ ರಸ್ತೆಯವರು ರಬ್ಬರ್ ಟ್ಯೂಬನ್ನೇ ಇಟ್ಟುಕೊಳ್ಳಿ.

ಹಂತ 8: ಉಳಿದ ಭಾಗಗಳು, ಲಾಭದ ಕ್ರಮದಲ್ಲಿ

ಪೆಡಲ್. ಮಡಚುವ ಪೆಡಲ್‌ಗಳು ಜೋಡಿಗೆ 400 ಗ್ರಾಂ ದಾಟುತ್ತವೆ. ಹಗುರ ಚಪ್ಪಟೆ ಪೆಡಲ್ 250ರ ಆಸುಪಾಸು ಸಿಗುತ್ತದೆ, ಆದರೆ ಮಡಚಿದಾಗ ಒಂದು ಕಡೆ ಚಾಚಿಕೊಂಡಿರುತ್ತದೆ. ಎಂಕೆಎಸ್‌ನ ಕಳಚುವ ಪೆಡಲ್‌ಗಳು ಇದಕ್ಕೆ ಒಳ್ಳೆಯ ಉತ್ತರ, ಉಪಕರಣ ಇಲ್ಲದೆ ಕೈಯಿಂದಲೇ ಬಿಚ್ಚಿ ಜೇಬಿಗೆ ಹಾಕಿಕೊಳ್ಳಬಹುದು. ಪೆಡಲ್ ಬದಲಿಸುವಾಗ ಎಡ ಪೆಡಲ್‌ನ ತಿರುಪು ಉಲ್ಟಾ ಅನ್ನುವುದು ನೆನಪಿರಲಿ. ಎರಡೂ ಪೆಡಲ್ ಬಿಗಿಯಾಗುವುದು ಸೈಕಲ್‌ನ ಮುಂಭಾಗದ ಕಡೆಗೆ ತಿರುಗಿಸಿದಾಗ.

ಸೀಟು. ಸ್ಪ್ರಿಂಗ್ ಇರುವ ದಪ್ಪ ಸೀಟಿನಿಂದ ಸರಳ ಸೀಟಿಗೆ ಬಂದರೆ 200 ಗ್ರಾಂ ಸುಲಭವಾಗಿ ಉಳಿಯುತ್ತದೆ. ಕೂರಲು ಹಿತ ಇಲ್ಲದಿದ್ದರೆ ಆ 200 ಗ್ರಾಂ ಯಾರಿಗೂ ಬೇಡ. ಎತ್ತುವಾಗ ಸೀಟಿನ ಮೂತಿ ಹಿಡಿಯುವ ಅಭ್ಯಾಸ ಇರುವವರು ಕೆಳಗೆ ಬೆರಳು ಕೂರುವ ಜಾಗ ಇದೆಯಾ ನೋಡಿಕೊಳ್ಳಿ.

ಸೀಟ್‌ಪೋಸ್ಟ್. ಮಡಚುವ ಸೈಕಲ್‌ನಲ್ಲಿ ಇದು ಅರ್ಧ ಮೀಟರ್‌ಗೂ ಉದ್ದದ ಕೊಳವೆ, ಹಾಗಾಗಿ ಲೋಹ ಬದಲಾದರೆ ವ್ಯತ್ಯಾಸ ದೊಡ್ಡದು. ಡಾಹೊನ್, ಟರ್ನ್‌ಗಳಲ್ಲಿ ವ್ಯಾಸ 33.9 ಮಿ.ಮೀ., ಬ್ರಾಂಪ್ಟನ್‌ನಲ್ಲಿ 31.8. ಉಕ್ಕಿನದು ಇದ್ದರೆ ಅಲ್ಯೂಮಿನಿಯಂ ಅಥವಾ ಟೈಟಾನಿಯಂಗೆ ಬದಲಿಸಬಹುದು. ಕಾರ್ಬನ್ ಬೇಡ ಅನ್ನುತ್ತೇನೆ, ನಿಮ್ಮ ಸೈಕಲ್‌ನ ತಯಾರಕರೇ ಆ ಮಾದರಿಗೆ ಮಾಡಿದ್ದು ಬಿಟ್ಟು. ದಿನಕ್ಕೆ ನಾಲ್ಕು ಸಲ ಮೇಲೆ ಕೆಳಗೆ ಜಾರುವ ಕೊಳವೆ ಅದು. ಪ್ರತಿ ಸಲವೂ ಕ್ಲ್ಯಾಂಪ್ ಮೇಲ್ಮೈಯನ್ನು ಕೆರೆಯುತ್ತದೆ, ಆಮೇಲೆ ಅಷ್ಟು ಉದ್ದದ ಸನ್ನೆಯ ತುದಿಯಲ್ಲಿ ನಿಮ್ಮ ಪೂರ್ತಿ ಭಾರ ಕೂರುತ್ತದೆ. ಉದ್ದ ಜಾಸ್ತಿಯಾಯಿತು ಅಂತ ಕತ್ತರಿಸುವ ಮುಂಚೆಯೂ ಯೋಚಿಸಿ. ಕನಿಷ್ಠ ಒಳಗಿರಬೇಕಾದ ಗುರುತು ದಾಟಬಾರದು. ಬ್ರಾಂಪ್ಟನ್‌ನಲ್ಲಿ ಕೆಳಗಿಳಿದ ಸೀಟ್‌ಪೋಸ್ಟೇ ಮಡಿಕೆಯನ್ನು ಹಿಡಿದಿಡುತ್ತದೆ, ಗಿಡ್ಡವಾದರೆ ಎತ್ತಿದಾಗ ಸೈಕಲ್ ಬಿಚ್ಚಿಕೊಳ್ಳುತ್ತದೆ.

ದುಬಾರಿ ಚಕ್ರಗಳ ಬಗ್ಗೆ ನನಗೆ ಉತ್ಸಾಹ ಕಡಿಮೆ. ರಿಮ್ ಮೇಲಿನ ತೂಕ ವೇಗ ಹೆಚ್ಚಿಸುವಾಗ ಎರಡು ಪಟ್ಟು ಲೆಕ್ಕಕ್ಕೆ ಬರುತ್ತದೆ ಅನ್ನುವುದು ನಿಜ. ಆದರೆ ಚಿಕ್ಕ ಚಕ್ರದ ರಿಮ್ ಮೊದಲೇ ಹಗುರ, ಅಲ್ಲಿ ಇಳಿಸಲು ಉಳಿದಿರುವುದೇ ಕಡಿಮೆ. ಟೈಟಾನಿಯಂ ಬೋಲ್ಟ್‌ಗಳೂ ಹಾಗೆಯೇ.

ಗುಡ್ಡ ಇಲ್ಲದ ಊರಿನವರು ಗೇರನ್ನೇ ತೆಗೆದು ಸಿಂಗಲ್ ಸ್ಪೀಡ್ ಮಾಡಿಕೊಳ್ಳಬಹುದು. ಡಿರೇಲರ್, ಶಿಫ್ಟರ್, ಕೇಬಲ್, ಸ್ಪ್ರಾಕೆಟ್‌ಗಳು ಎಲ್ಲ ಸೇರಿ ಅರ್ಧ ಕಿಲೋಗಿಂತ ಜಾಸ್ತಿ ಹೋಗುತ್ತದೆ. 55–60 ಇಂಚಿನ ನಡುವೆ ಒಂದೇ ಗೇರ್ ಇಟ್ಟುಕೊಳ್ಳಿ. ಬ್ರಾಂಪ್ಟನ್‌ನ ಟಿ ಲೈನ್ 2022ರಲ್ಲಿ ಬಂದಾಗ ಸುಮಾರು 7.5 ಕಿಲೋ ಅಂತ ಹೇಳಿಕೊಂಡಿತು. ಆ ತೂಕ ಬಂದದ್ದು ಟೈಟಾನಿಯಂ ಫ್ರೇಮ್ ಜೊತೆಗೆ ಗೇರ್ ಇಲ್ಲದ ಮಾದರಿಯಲ್ಲಿ.

ಮುಟ್ಟಬಾರದ ಜಾಗಗಳು

ಫ್ರೇಮ್‌ನ ಹಿಂಜ್, ಹ್ಯಾಂಡಲ್ ಕಂಬದ ಹಿಂಜ್, ಅವುಗಳ ಕ್ಲ್ಯಾಂಪ್ ಮತ್ತು ಪಿನ್. ಇಲ್ಲಿಗೆ ಹಗುರ ಅಂತ ಯಾರೋ ಮಾರುವ ಹೆಸರಿಲ್ಲದ ಭಾಗ ಹಾಕಬೇಡಿ. ಹ್ಯಾಂಡಲ್ ಕಂಬ ಮುರಿದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ, ಮುಖ ನೇರ ರಸ್ತೆಗೆ ಹೋಗುತ್ತದೆ. ಬ್ರೇಕ್‌ನಲ್ಲೂ ಗ್ರಾಂ ಉಳಿಸಬೇಡಿ. ಅಲ್ಲಿ ದುಡ್ಡು ಹಾಕುವುದಾದರೆ ಒಳ್ಳೆಯ ಕೇಬಲ್, ಒಳ್ಳೆಯ ಪ್ಯಾಡ್‌ಗೆ ಹಾಕಿ.

ಹಂತ 9: ಜೋಡಿಸಿದ ಮೇಲೆ

ಬಿಗಿ ಮಾಡಲು ಟಾರ್ಕ್ ವ್ರೆಂಚ್ ಬಳಸಿ. ಕ್ಯಾಸೆಟ್‌ನ ಲಾಕ್‌ರಿಂಗ್‌ಗೆ 40 ನ್ಯೂಟನ್ ಮೀಟರ್, ಪೆಡಲ್‌ಗೆ 35–40. ಉಳಿದದ್ದಕ್ಕೆ ಆಯಾ ಭಾಗದ ಮೇಲೆ ಬರೆದಿರುವ ಸಂಖ್ಯೆ ನೋಡಿ.

ಚಕ್ರವನ್ನು ಎತ್ತಿ ಹಿಡಿದು ಎಲ್ಲ ಗೇರ್ ಹಾಕಿ ನೋಡಿ. ಅತಿ ದೊಡ್ಡ ಸ್ಪ್ರಾಕೆಟ್ ಮೇಲಿದ್ದಾಗ ಡಿರೇಲರ್‌ನ ಮೇಲಿನ ಪುಟ್ಟ ಗಾಲಿ ಸ್ಪ್ರಾಕೆಟ್‌ಗೆ ಉಜ್ಜುತ್ತಿದ್ದರೆ ಬಿ ಸ್ಕ್ರೂ ಬಿಗಿ ಮಾಡಿ ಅಂತರ ಕೊಡಿ. ಚೈನ್ ಕಡ್ಡಿಗಳ ಕಡೆಗೆ ಬೀಳದ ಹಾಗೆ ಎಲ್ ಸ್ಕ್ರೂ, ಫ್ರೇಮ್ ಕಡೆಗೆ ಬೀಳದ ಹಾಗೆ ಎಚ್ ಸ್ಕ್ರೂ ಸರಿ ಮಾಡಿ.

ಈಗ ಮಡಚಿ. ನಿಧಾನವಾಗಿ, ಪ್ರತಿ ಹಂತದಲ್ಲೂ ಬಗ್ಗಿ ನೋಡುತ್ತಾ. ಕೇಬಲ್ ಎಲ್ಲಾದರೂ ಎಳೆದುಕೊಳ್ಳುತ್ತಿದೆಯಾ, ಹೊಸ ಪೆಡಲ್ ಕಡ್ಡಿಗಳಿಗೆ ತಾಗುತ್ತಿದೆಯಾ, ಚೈನ್ ಸಡಿಲವಾಗಿ ಚೈನ್‌ರಿಂಗ್‌ನಿಂದ ಕೆಳಗೆ ಬೀಳುತ್ತಿದೆಯಾ ಅಂತ ಗಮನಿಸಿ. ಮಡಚಿದ ಸೈಕಲನ್ನು ಎತ್ತಿ ಅಲ್ಲಾಡಿಸಿ, ಮತ್ತೆ ಬಿಚ್ಚಿ, ಒಂದು ಸುತ್ತು ತುಳಿದು ಬನ್ನಿ. ಬಿಚ್ಚಿದಾಗಲೆಲ್ಲ ಹಿಂಜ್‌ನ ಸನ್ನೆ ಅಂಗೈಯಿಂದ ಒತ್ತಿದರಷ್ಟೇ ಮುಚ್ಚುವಷ್ಟು ಬಿಗಿ ಇರಬೇಕು, ಬೆರಳಿಗೇ ಮುಚ್ಚಿಕೊಂಡರೆ ಸಡಿಲ ಎಂದರ್ಥ.

ಹೊಸ ಕೇಬಲ್ ಮೊದಲ ಕೆಲವು ದಿನ ಸ್ವಲ್ಪ ಸಡಿಲಾಗುತ್ತದೆ, ಗೇರ್ ತಡವಾಗಿ ಬೀಳಲು ಶುರುವಾಗುತ್ತದೆ. ಶಿಫ್ಟರ್ ಹತ್ತಿರದ ಸಣ್ಣ ತಿರುಪನ್ನು ಕಾಲು ಸುತ್ತು ಹೊರಕ್ಕೆ ತಿರುಗಿಸಿದರೆ ಸರಿಹೋಗುತ್ತದೆ. ನೂರು ಕಿ.ಮೀ. ಆಸುಪಾಸು ಓಡಿದ ಮೇಲೆ ಕ್ರ್ಯಾಂಕ್ ಬೋಲ್ಟ್, ಚೈನ್‌ರಿಂಗ್ ಬೋಲ್ಟ್‌ಗಳನ್ನು ಇನ್ನೊಂದು ಸಲ ಟಾರ್ಕ್ ವ್ರೆಂಚ್‌ನಿಂದ ನೋಡಿ.